ಗಂಧದ ಹಾರ

ಹಲಸೂರು
ಸೋಮವಾರ, 19 ನವೆಂಬರ್ 2001

ಪ್ರೀತಿಯ ಅತ್ತೆ,

ನಿಮ್ಮ ಸೊಸೆ ಯಮುನಾಳ ನಮಸ್ಕಾರ. ಎಷ್ಟು ಸಲ ಫೋನ್ ಮಾಡಿದರೂ ನೀವು ಮಾತಿಗೆ ಬರುವುದಿಲ್ಲವೆಂದು ನಿಮ್ಮ ತಮ್ಮ ಹೇಳುತ್ತಿದ್ದಾರೆ. ಅದಕ್ಕೇ ಪೆನ್ನು ಹಿಡಿದೆ. ಮಂಡಿ ನೋವು ಹೇಗಿದೆ? ಮಾಲೂರಿನ ಚಳಿಯಲ್ಲಿ ಬೆಳಿಗ್ಗೆ ಎದ್ದು ತಣ್ಣೀರು ಮುಟ್ಟಬೇಡಿ. ಬಿ.ಪಿ. ಮಾತ್ರೆ ಇಲ್ಲೇ ಬಿಟ್ಟು ಹೋಗಿದ್ದೀರಿ, ಅಲ್ಲೇ ಅಂಗಡಿಯಲ್ಲಿ ತರಿಸಿಕೊಳ್ಳಿ. ಕೋಪ ನಮ್ಮ ಮೇಲಿರಲಿ, ಮಾತ್ರೆಯ ಮೇಲೆ ಬೇಡ.

ಅತ್ತೆ, ನಿಮ್ಮ ಮಗ ಅದನ್ನು ಬೇಕೆಂದು ಮಾಡಿದ್ದಲ್ಲ. ನೀವು ನೋಡದೆ ಇರುವ ಅರ್ಧವನ್ನಾದರೂ ಕೇಳಿ. ನಮ್ಮ ಹುಳಿಪುಡಿಯನ್ನು ದೊಡ್ಡ ಅಂಗಡಿಗಳಲ್ಲಿ ಇಡಿಸಬೇಕಾದರೆ ಒಂದು ವಿಡಿಯೋ ಇರಲೇಬೇಕೆಂದು ಯಾರೋ ಅವರ ತಲೆಗೆ ತುಂಬಿದರಲ್ಲ, ಆಗ ನಾನೂ ಅವರ ಜೊತೆ ಇಂದಿರಾನಗರದ ಆ ಕಂಪನಿಗೆ ಹೋಗಿದ್ದೆ. ಗಾಜಿನ ಬಾಗಿಲು, ಏಸಿ, ಗೋಡೆ ತುಂಬ ಟಿ.ವಿ. ಔಷಧಿ ಫ್ಯಾಕ್ಟರಿಗೆ ಮಾಡಿದ ವಿಡಿಯೋ, ಟೈಲ್ಸ್ ಕಂಪನಿಗೆ ಮಾಡಿದ ವಿಡಿಯೋ, ಎಲ್ಲ ತೋರಿಸಿದರು. ನಿಮ್ಮ ಮಗ ಬಾಯಿ ಬಿಟ್ಟುಕೊಂಡು ನೋಡಿದರು. ಅಡುಗೆಮನೆ ಯಾವುದಾದರೂ ತೆಗೆದಿದ್ದೀರಾ ಎಂದು ನಾನು ಕೇಳಿದೆ. ಹೊರಗೆ ಬಂದ ಮೇಲೆ ನನಗೇ ಬೈಗುಳ, "ಅವರೆಲ್ಲ ಪ್ರೊಫೆಷನಲ್ಸು ಕಣೇ, ನೀನು ಮಧ್ಯ ಬಾಯಿ ಹಾಕ್ಬೇಡ" ಎಂದು. ಹಾಕಲಿಲ್ಲ. ಹಾಕಬೇಕಿತ್ತು.

ಶೂಟಿಂಗಿಗೆ ಬಂದವರ ಮುಂದೆ ನೀವು ಕೂರಲಿಲ್ಲ. "ಮೆಣಸಿನಕಾಯಿ ಹುರೀವಾಗ ನನ್ ಮೂಗು ಸೋರೋದನ್ನ ಊರೆಲ್ಲ ನೋಡ್ಬೇಕಾ?" ಎಂದು ಪಕ್ಕದ ಇಮಾಮ್ ಬೀ ಮನೆಗೆ ಹೋಗಿಬಿಟ್ಟಿರಿ. ವಿಡಿಯೋದವರೋ, ನೀವಿಲ್ಲದಿದ್ದರೆ ನಿಮ್ಮ ಫೋಟೋನೇ ಸಾಕೆಂದರು. ನಾನು ಒಳಗೆ ಒಗ್ಗರಣೆಯ ಹೊಗೆಯಲ್ಲಿ ಕೆಮ್ಮುತ್ತಿದ್ದೆ, ನಿಮ್ಮ ಮಗ ಅವರಿಗೆಲ್ಲ ಕಾಫಿ ತರಲು ಹೋಗಿದ್ದರು. ಫೋಟೋ ಬೋಳಾಗಿ ಕಾಣುತ್ತದೆಂದು ಆ ಡೈರೆಕ್ಟರ್ ಹುಡುಗಿ ಪಕ್ಕದಲ್ಲಿದ್ದ ಅಜ್ಜನ ಫೋಟೋದಿಂದ ಗಂಧದ ಹಾರ ತೆಗೆದು ನಿಮ್ಮ ಫೋಟೋಗೆ ಹಾಕಿದ್ದಾಳೆ, ಮುಂದೆ ದೀಪವನ್ನೂ ಹಚ್ಚಿಟ್ಟಿದ್ದಾಳೆ. ಆಮೇಲೆ ಎಲ್ಲ ಇದ್ದ ಹಾಗೇ ಇಟ್ಟು ಹೋಗಿದ್ದಾರೆ. ನಮಗೆ ಹೇಗೆ ಗೊತ್ತಾಗಬೇಕು? ಕ್ಯಾಸೆಟ್ಟು ಮನೆಗೂ ಬರಲಿಲ್ಲ, ಅಂಗಡಿಯವರೆಲ್ಲ ಅದನ್ನು ನೋಡಲು ಬಂದು ಕೂತ ಮೇಲೆ ನೇರ ಹೋಟೆಲಿನ ಮೀಟಿಂಗ್ ಹಾಲ್‌ಗೇ ಬಂತು.

ಆ ಹಾಲ್‌ನಲ್ಲಿ ಆದದ್ದು ಇಷ್ಟು. ಪರದೆಯ ಮೇಲೆ ಹಾರ ಹಾಕಿದ ನಿಮ್ಮ ಫೋಟೋ, ದೀಪ, ಕೊಳಲಿನ ಸಂಗೀತ, "ಅಮ್ಮನ ಕೈರುಚಿ ಎಂದೆಂದಿಗೂ ಅಮರ" ಎಂಬ ಗಂಭೀರ ಧ್ವನಿ. ಸೂಪರ್ ಮಾರ್ಕೆಟ್ಟಿನ ಭಗವಂತರಾಯರು ತಟ್ಟನೆ ಎದ್ದು ಕೈಕಟ್ಟಿ ತಲೆ ತಗ್ಗಿಸಿದರು. ಅವರನ್ನು ನೋಡಿ ಅಲ್ಲಿದ್ದವರೆಲ್ಲ ಎದ್ದು ಮೌನವಾಗಿ ನಿಂತರು. ಕನ್ನಡಕ ಮನೆಯಲ್ಲೇ ಮರೆತು ಬಂದಿದ್ದ ನೀವೂ ಪಾಪ ಎಲ್ಲರ ಜೊತೆ ಎದ್ದು ನಿಂತು, "ಯಾರು ತೀರ್ಕೊಂಡ್ರೇ ಯಮುನಾ?" ಎಂದು ನನ್ನ ಕಿವಿಯಲ್ಲಿ ಕೇಳಿದಿರಿ. ಅದು ನಿಮ್ಮದೇ ಫೋಟೋ ಎಂದು ನಾನೇ ಹೇಳಬೇಕಾಯಿತು. ಮುತ್ತೈದೆಯಾದ ನಿಮಗೆ ನಮ್ಮ ಕೈಯಿಂದಲೇ ಹೀಗಾಯಿತಲ್ಲ ದೇವರೇ! ಮಾರನೇ ದಿನ ಬೆಳಿಗ್ಗೆ ನೀವು ಚೀಲ ಹಿಡಿದು ಹೊರಟಾಗ ಬಾಗಿಲಿಗೆ ಅಡ್ಡ ನಿಲ್ಲುವ ಮುಖವೂ ನನಗಿರಲಿಲ್ಲ.

ಈಗ ಇಲ್ಲಿನ ಕಥೆ ಕೇಳಿ. ಮಾರ್ಕೆಟ್ಟಿಗೆ ಹೋದರೆ ತರಕಾರಿಯವಳು ನನ್ನ ಕೈ ಹಿಡಿದು ಅಳುತ್ತಾಳೆ. ತಿಥಿ ಯಾವಾಗ ಎಂದು ಕೇಳುವವರಿದ್ದಾರೆ. ಭಗವಂತರಾಯರಂತೂ ಆರ್ಡರು ವಾಪಸ್ ತೆಗೆದುಕೊಂಡರು. "ಆ ಕೈಯೇ ಹೋದ್ಮೇಲೆ ರುಚಿ ಎಲ್ಲಿರುತ್ತಮ್ಮ" ಎಂದರು. ಅತ್ತೆ ಗುಂಡುಕಲ್ಲಿನ ಹಾಗಿದ್ದಾರೆ ಸ್ವಾಮಿ ಎಂದರೆ, "ಹಂಗಾದ್ರೆ ಕರ್ಕೊಂಡ್ ಬನ್ನಿ, ನೋಡೋಣ" ಎನ್ನುತ್ತಾರೆ. ಎಲ್ಲಿಂದ ಕರೆದುಕೊಂಡು ಹೋಗಲಿ? ಊರಿಗೆ ಹೋಗಿದ್ದಾರೆ ಎಂದರೆ ಕನಿಕರದಿಂದ ನನ್ನ ಮುಖ ನೋಡುತ್ತಾರೆ. ಉಳಿದ ಅಂಗಡಿಯವರೂ ಅವರನ್ನು ನೋಡಿಯೇ ಕೈ ಎತ್ತಿದ್ದಾರೆ. ಹುರಿಯಲು ಬರುವ ಹೆಂಗಸರನ್ನು ಶನಿವಾರ ಬರಿಗೈಯಲ್ಲಿ ಮನೆಗೆ ಕಳಿಸಿದೆವು. ಹೀಗೇ ಆದರೆ ಒಲೆ ಆರಿಸಬೇಕಾಗುತ್ತದೆ ಅತ್ತೆ.

ಹೊಸ ವಿಡಿಯೋ ಮಾಡಿಸಲು ಊರೆಲ್ಲ ಸುತ್ತಿದೆವು. ಕುಕ್ ಟೌನಿನ ಒಬ್ಬರು ಹಾರವನ್ನು ಕಂಪ್ಯೂಟರಿನಲ್ಲೇ ಅಳಿಸುತ್ತಾರಂತೆ, ಆದರೆ ದೀಪ ಹೋಗುವುದಿಲ್ಲವಂತೆ. ಇನ್ನೊಬ್ಬರು ನಿಮ್ಮ ಪಾತ್ರಕ್ಕೆ ಸೀರಿಯಲ್ ನಟಿಯನ್ನು ಕರೆಸುತ್ತೇವೆಂದರು. ನಿಮ್ಮ ಮಗ ಅದಕ್ಕೂ ತಲೆ ಆಡಿಸುತ್ತಿದ್ದರು! ರಟ್ಟೆ ಹಿಡಿದು ಹೊರಗೆ ಎಳೆದು ತಂದೆ. ಕೊನೆಗೆ ಶಿವಾಜಿನಗರದ ಅಕ್ತರ್ ಬಳಿ ಹೋದೆವು, ನಮ್ಮ ಶ್ವೇತಾಳ ಮದುವೆ ವಿಡಿಯೋದಲ್ಲಿ ಅವಳ ತಲೆ ಸುತ್ತ ಗುಲಾಬಿ ತಿರುಗಿಸಿದರಲ್ಲ, ಅವರೇ. ಎಲ್ಲ ಕೇಳಿಕೊಂಡು, "ಅಮ್ಮ ಮನೇಲಿದ್ರೆ ಬರ್ತೀನಿ. ಇಲ್ದಿದ್ರೆ ನಾನು ಬಂದು ಏನ್ ತೆಗೀಲಿ?" ಎಂದರು. ಈ ಶುಕ್ರವಾರ ಬರಲು ಒಪ್ಪಿದ್ದಾರೆ. ಗುಲಾಬಿ ಬೇಡವೆಂದು ಮೊದಲೇ ಹೇಳಿದ್ದೇನೆ. ನೀವು ಕ್ಯಾಮೆರಾ ಮುಂದೆ ಕೂತು ನಿಮ್ಮ ಮಗನಿಗೆ ನಾಲ್ಕು ಬೈದರೂ ಸಾಕು, ಬದುಕಿದ್ದೀರೆಂದು ಊರಿಗೆ ಗೊತ್ತಾಗುತ್ತದೆ. ಕಾಲಿಗೆ ಬೀಳುತ್ತೇನೆ, ಗುರುವಾರವೇ ಬಂದುಬಿಡಿ. ನಿಮ್ಮ ತಮ್ಮನಿಗೂ ಮನೆಯವರಿಗೂ ನಮ್ಮೆಲ್ಲರ ನಮಸ್ಕಾರ ತಿಳಿಸಿ.

ನಿಮ್ಮ ಬೈಗುಳಕ್ಕೂ ಆಶೀರ್ವಾದಕ್ಕೂ ಕಾದಿರುವ,
ಯಮುನಾ

ಮರೆತ ಮಾತು: ಕಾಗದ ಮಡಚುತ್ತಿದ್ದಾಗ ಮಾವ ಬಂದು ಪಕ್ಕದಲ್ಲಿ ಕೂತರು. ಆರ್ಡರಿನ ವಿಷಯ ಬರೆದೆಯಾ ಎಂದು ಕೇಳುತ್ತಾರೆಂದುಕೊಂಡೆ. "ಅವಳಿಗಿಂತ ಮುಂಚೆ ನಾನೇ ಹೋಗ್ತೀನಿ ಅಂತ ಧೈರ್ಯವಾಗಿದ್ದೆ ಕಣಮ್ಮ. ಅವಳ ಫೋಟೋ ಮೇಲೆ ಆ ಹಾರ ನೋಡ್ದಾಗ್ಲಿಂದ ಆ ಧೈರ್ಯ ಇಲ್ಲ" ಎಂದರು. ಇದನ್ನು ಬರೆಯಬೇಡ ಎಂದೂ ಹೇಳಿದರು. ಬರೆದಿದ್ದೇನೆ. ವಿಡಿಯೋ ಹಾಳಾಗಿ ಹೋಗಲಿ, ಅಕ್ತರ್‌ಗೆ ಬೇಡವೆಂದು ಹೇಳಿಬಿಡುತ್ತೇನೆ. ನೀವು ಬನ್ನಿ.