ಹಳಿಗೆ ಹೊಸ್ತಿಲಿಲ್ಲ

ಸೂಲಿಬೆಲೆ
6 ಜುಲೈ 2025, ಭಾನುವಾರ

ನನ್ನ ಮುದ್ದು ರೈಲ್ವೆ ಯಜಮಾನರೇ,

ಹೇಗಿದ್ದೀರಿ? ಗಂಟಲು ನೋವು ಹೋಯಿತಾ? ಕ್ರಷರ್ ಹತ್ತಿರ ಹೋಗುವಾಗ ಮಾಸ್ಕ್ ಹಾಕಿಕೊಳ್ಳಿ ಎಂದಿದ್ದೆ, ಹಾಕಿರುವುದಿಲ್ಲ ಬಿಡಿ. ನಾನು ಚೆನ್ನಾಗಿದ್ದೇನೆ, ತವರಿನ ಹಾಲು ಮೊಸರಿಗೆ ಬಳೆಗಳು ಬಿಗಿಯಾಗಿವೆ! ಫೋನ್ ಹಿಡಿದರೆ ಸಾಕು, ಅಮ್ಮ, ಅಜ್ಜಿ, ತಂಗಿ ಚಂದನ ಮೂವರೂ ಕೆಲಸ ಬಿಟ್ಟು ಪಕ್ಕಕ್ಕೆ ಬಂದು ಕೂರುತ್ತಾರೆ. ಅದಕ್ಕೇ ಈ ಕಾಗದ. ನನ್ನ ಕಾನ್ವೆಂಟ್ ಕನ್ನಡಕ್ಕೆ ನಗಬೇಡಿ, ಪ್ಲೀಸ್.

ಇಲ್ಲಿ ಬಂದವರಿಗೆಲ್ಲ ನಿಮ್ಮದೇ ಕಥೆ ಹೇಳುತ್ತಿದ್ದೇನೆ. ನಿಮ್ಮ ತಾತ ಬೈರಪ್ಪನವರು ಎತ್ತಿನ ಗಾಡಿಯಲ್ಲಿ ಜಲ್ಲಿ ಸಾಗಿಸಿ ರೈಲು ಹಳಿಗೆ ಹಾಕಿಸಿದ್ದು, ಮಾವ ರಾಮಾಂಜಿನಪ್ಪನವರು ಅದನ್ನು ಲಾರಿ, ಕ್ರಷರ್, ದಾಬಸ್‌ಪೇಟೆಯ ಗೋದಾಮುಗಳವರೆಗೆ ಬೆಳೆಸಿದ್ದು, ಎರಡು ವರ್ಷದ ಹಿಂದೆ ಅವರು ತೀರಿಕೊಂಡ ಮೇಲೆ ಎಲ್ಲವೂ ನಿಮ್ಮ ಹೆಗಲಿಗೆ ಬಂದದ್ದು. ಅಷ್ಟೂ ಕೇಳಿದ ಅಜ್ಜಿ, "ರೈಲಿಂದ ಇಷ್ಟೆಲ್ಲಾ ಸಂಪಾದ್ಸವ್ರೆ, ನಿನ್ ಗಂಡ ಒಂದಿನಾನೂ ರೈಲು ಹತ್ತಿಲ್ವಂತೆ! ಏನ್ ಸಾವ್ಕಾರನವ್ವಾ ಇವ್ನು" ಅಂದರು. ನಾನು ನಕ್ಕಿದ್ದು ನಿಮಗೆ ದೊಡ್ಡಬಳ್ಳಾಪುರದಲ್ಲೇ ಕೇಳಿಸಿರಬೇಕು.

ಈಗ ಹದಿನಾಲ್ಕನೇ ತಾರೀಕಿನ ವಿಷಯ. ನಿಮ್ಮ ಹೆಸರಿಗೆ ಸಿಕ್ಕ ಮೊದಲ ಹಳಿ ಕೆಲಸ. ರೈಲ್ವೆಯವರು ಪಂಚಾಂಗ ನೋಡುವುದಿಲ್ಲ, ಆಷಾಢದಲ್ಲೇ ಶುರು ಮಾಡಿ ಎಂದಿದ್ದಾರೆ. ಮೊದಲ ಬಾಂಡ್ಲಿ ಜಲ್ಲಿಯನ್ನು ಮನೆಯ ಹಿರಿಸೊಸೆ ಸುರಿಯಬೇಕು ಎಂಬುದು ನಿಮ್ಮ ಮನೆಯ ಪದ್ಧತಿ. ಇಷ್ಟು ವರ್ಷ ಅತ್ತೆ ಸುರಿದರು. ಈಗ ಮುತ್ತೈದೆಯೇ ಸುರಿಯಬೇಕು, ಆದ್ದರಿಂದ ನಾನು ಎಂದು ನಿಮ್ಮ ಚಿಕ್ಕಪ್ಪ ಹೇಳಿದ್ದಾರಲ್ಲ. ಆದರೆ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದೆಂದು ಅಮ್ಮ ಕಳಿಸಲು ಒಪ್ಪಲೇ ಇಲ್ಲ. ನನಗೆ ಊಟ ಸೇರಲಿಲ್ಲ. ಕೊನೆಗೆ ಅಜ್ಜಿಯೇ ಅಮ್ಮನಿಗೆ, "ಲೇ, ರೈಲು ಹಳಿಗೆ ಎಲ್ಲೈತೆ ಹೊಸ್ತಿಲು? ನೆಟ್ಟಗೆ ಅಲ್ಲಿಗೋಗಿ ನೆಟ್ಟಗೆ ಇಲ್ಲಿಗ್ ಬರ್ಲಿ ಬಿಡು" ಅಂದರು. ಅಮ್ಮ ಆಗಲೇ ನನ್ನ ಸೀರೆ ತೆಗೆದಿಟ್ಟರು. ಬರುತ್ತೇನೆ ರೀ!

ಅತ್ತೆಗೆ ನನ್ನ ನಮಸ್ಕಾರ. ನಿಮಗೆ ಏನೆಂದು ಬರೆದರೂ ಚಂದನ ಓದಿಬಿಡುತ್ತಾಳೆ, ನೀವೇ ಊಹಿಸಿಕೊಳ್ಳಿ.

ಶ್ರಾವಣಕ್ಕೆ ಕಾಯುತ್ತಿರುವ
ಪ್ರಿಯಾಂಕ

ತಾ.ಕ.: ನಿನ್ನೆ ಅತ್ತೆ ಫೋನ್ ಮಾಡಿದ್ದರು. ಬಾಂಡ್ಲಿ ಹೇಗೆ ಹಿಡಿಯಬೇಕು, ಯಾವ ಕಡೆ ಮುಖ ಮಾಡಬೇಕು, ಎಲ್ಲ ಹೇಳಿಕೊಟ್ಟರು. "ಅತ್ತೆ, ನೀವೆಲ್ಲಿ ನಿಂತಿರುತ್ತೀರಿ?" ಎಂದು ಕೇಳಿದೆ. "ನಾನ್ ಬರಲ್ಲ ಕಣಮ್ಮ, ಅಡುಗೆ ನೋಡ್ಕೋಬೇಕು" ಅಂದರು. ಅಡುಗೆಗೆ ನಿಮ್ಮ ಮನೆಯಲ್ಲಿ ಜನರಿಲ್ಲವೇ? ತುಂಬಿದ ಬಾಂಡ್ಲಿ ನನ್ನೊಬ್ಬಳಿಂದ ಏಳುವುದಿಲ್ಲ. ಒಂದು ಕಡೆ ನಾನು ಹಿಡಿಯುತ್ತೇನೆ, ಇನ್ನೊಂದು ಕಡೆ ಅವರು ಹಿಡಿಯಬೇಕು. ಚಿಕ್ಕಪ್ಪನಿಗೆ ನೀವೇ ಹೇಳಿ. ಅತ್ತೆ ಬಾರದಿದ್ದರೆ ಬಾಂಡ್ಲಿ ನೆಲದ ಮೇಲೇ ಇರುತ್ತದೆ.