ಒಬ್ಬರಿಗೊಂದು ಪೆಟ್ಟಿಗೆ

ಮಾರ್ಚ್ 3, ಸೋಮವಾರ. ಸಂಜೆ

ಇದು ಅನ್ಯಾಯ. ಇನ್ನು ಮುಂದೆ ಹೆಂಗಸರು ಲೋಡಿಂಗ್‌ನಲ್ಲಿ ಇರುವಂತಿಲ್ಲವಂತೆ. ಗೋದಾಮಿನ ಗೋಡೆಗೆ ಹಾಳೆ ಅಂಟಿಸಿದ್ದಾರೆ — "ಸುರಕ್ಷತೆಯ ದೃಷ್ಟಿಯಿಂದ." ಹನ್ನೊಂದು ವರ್ಷದಿಂದ ಚಿಕ್ಕಮ್ಮ ಇದೇ ಟೈಲ್ಸ್ ಪೆಟ್ಟಿಗೆಗಳನ್ನು ಲಾರಿಗೆ ತುಂಬಿದ್ದಾಳೆ. ನಾನು ಮೂರು ವರ್ಷ. ಒಂದು ಪೆಟ್ಟಿಗೆ ಇಪ್ಪತ್ತೆಂಟು ಕಿಲೋ. ಒಂದು ತುದಿ ಅವಳು, ಇನ್ನೊಂದು ನಾನು. ಅವಳು "ಹೂಂ" ಅನ್ನುತ್ತಾಳೆ, ಎತ್ತುತ್ತೇವೆ. ಇಟ್ಟ ಮೇಲೆ ಬೆರಳ ಗೆಣ್ಣಿನಿಂದ ಬಡಿದು ನೋಡುತ್ತಾಳೆ. ಟಣ್ ಅಂದರೆ ಸರಿ. ಡಪ್ ಅಂದರೆ ಒಳಗೆ ಒಡೆದಿದೆ. ನಮ್ಮ ಜೋಡಿ ಇಟ್ಟ ಪೆಟ್ಟಿಗೆ ಡಪ್ ಅಂದದ್ದು ನೆನಪಿಲ್ಲ.

ಸುರಕ್ಷತೆ! ಹನ್ನೊಂದು ವರ್ಷ ಎಲ್ಲಿ ಮಲಗಿತ್ತು ಇದು?

ಸುಮ್ಮನಿರಲಾಗಲಿಲ್ಲ. ಸೂಪರ್‌ವೈಸರ್ — ಮಾತಿಗೆ ಮುಂಚೆ ಸೀಟಿ ಊದುವುದರಿಂದ ಅವನ ಹೆಸರೇ ಸೀಟಿ — ಹಾಳೆ ಓದಿ ಮುಗಿಸುವ ಮೊದಲೇ ಒಂದು ಪೆಟ್ಟಿಗೆಯ ಮೇಲೆ ಹತ್ತಿ ನಿಂತೆ. ಹೋರಾಟದ ಕಿರುಹೊತ್ತಿಗೆಗಳಲ್ಲಿ ಓದಿದ್ದೆಲ್ಲ ತಾನಾಗಿ ಬಾಯಿಗೆ ಬಂತು. "ನಮಗೆ ಕರುಣೆ ಬೇಡ, ಸಮಾನತೆ ಬೇಕು! ಪರೀಕ್ಷೆ ಇಡಿ. ಎತ್ತಿದವರು ಇರಲಿ, ಎತ್ತಲಾರದವರು ಹೋಗಲಿ!"

ಚಪ್ಪಾಳೆ. ನಾವು ಒಂಬತ್ತು ಜನ ಹೆಂಗಸರು — ಎಲ್ಲರೂ ತಟ್ಟಿದರು, ಚಿಕ್ಕಮ್ಮನೊಬ್ಬಳನ್ನು ಬಿಟ್ಟು. ನನಗೆ 'ಭಾಷಣ' ಎಂದೇ ಹೆಸರಿಟ್ಟ ಅವಳು ಕೆಳಗಿನಿಂದ ನನ್ನ ಅಂಗಿಯ ತುದಿ ಎಳೆಯುತ್ತಿದ್ದಳು. "ಇಳಿಯೇ ಭಾಷಣ. ಪೆಟ್ಟಿಗೆ ಮೇಲೆ ನಿಂತಿದೀಯ, ಒಡೆದೀತು."

ಸೀಟಿ ಆಫೀಸಿನೊಳಗೆ ಹೋಗಿ ಬಂದ. ಮುಖದ ತುಂಬ ನಗು. "ಆಯ್ತಮ್ಮ. ಮ್ಯಾನೇಜರ್ ಒಪ್ಪಿದ್ರು. ಏಪ್ರಿಲ್ ಏಳಕ್ಕೆ ಪರೀಕ್ಷೆ."

ಗೆದ್ದೆವು!

ಮಾರ್ಚ್ 4, ಮಂಗಳವಾರ

ನಿಯಮದ ಹಾಳೆ ಬಂತು. ಹನ್ನೆರಡು ಪೆಟ್ಟಿಗೆ, ನೆಲದಿಂದ ಎದೆಯೆತ್ತರದ ಸಾಲಿಗೆ, ನಾಲ್ಕು ನಿಮಿಷ. ಕೆಳಗೆ ದಪ್ಪಕ್ಷರ: ಒಬ್ಬರಿಗೊಂದು ಪೆಟ್ಟಿಗೆ. ಜೋಡಿ ಇಲ್ಲ.

ಹೋಗಿ ಕೇಳಿದೆ. "ನಾವು ಯಾವತ್ತೂ ಇಬ್ಬಿಬ್ಬರೇ ಅಲ್ವಾ ಎತ್ತೋದು? ಅದರಿಂದ ಏನು ನಷ್ಟ ಆಗಿದೆ?"

ಸೀಟಿ: "ಗಂಡಸರು ಒಬ್ಬೊಬ್ಬರೇ ಎತ್ತಲ್ವಾ? ಸಮಾನತೆ ಬೇಕು ಅಂದೋಳು ನೀನೇ ತಾನೆ?"

ಉತ್ತರಕ್ಕಾಗಿ ಮನೆಗೆ ಬಂದು ಇದ್ದ ಹತ್ತೂ ಹೊತ್ತಿಗೆಗಳನ್ನು ತಿರುವಿದೆ. ಯಾವುದರಲ್ಲೂ ಇಲ್ಲ.

ಇರಲಿ. ಮೂವತ್ತನಾಲ್ಕು ದಿನ ಇದೆ. ಅಣ್ಣನ ಡಂಬೆಲ್ ಜೋಡಿ ಇದೆ — ಒಂದೊಂದು ಏಳೂವರೆ ಕಿಲೋ. ತಂದವನು ಎಂಟು ದಿನ ಕುಣಿದ. ಆಮೇಲೆ ಒಂದು ಬಾಗಿಲಿಗೆ ಅಡ್ಡ, ಒಂದು ಕಿಟಕಿಗೆ ಅಡ್ಡ. ಎರಡನ್ನೂ ಎತ್ತಿಕೊಂಡೆ.

"ಕಿಟಕಿ ಬಡ್ಕೊಳ್ಳುತ್ತೆ ಕಣೇ," ಎಂದ ಅಣ್ಣ.

"ಬಡ್ಕೊಳ್ಳಲಿ."

"ಕ್ರಾಂತಿ ಮುಗಿದ ಮೇಲೆ ವಾಪಸ್ ಕೊಡು."

ಮಾರ್ಚ್ 7, ಶುಕ್ರವಾರ. ಬೆಳಿಗ್ಗೆ 5:40

ಬಸ್ಕಿ ಇಪ್ಪತ್ತು, ಎರಡೂ ಡಂಬೆಲ್ ಎದೆಗೆ ಅವಚಿ. ಮಂಚಕ್ಕೆ ಒಂದು ಕೈಯೂರಿ, ಬಾಗಿ, ಇನ್ನೊಂದು ಕೈಯಿಂದ ಎಳೆಯುವುದು — ಹದಿನೈದು, ಹದಿನೈದು. ತಲೆಯ ಮೇಲಕ್ಕೆ ಎತ್ತುವುದು ಎಂಟು. ಒಂಬತ್ತನೆಯದಕ್ಕೆ ಎಡಗೈ ಅರ್ಧದಲ್ಲೇ ನಿಂತಿತು. ಎಡಗೈಗೆ ಬೈದೆ.

ಹದಿನೈದು ಕಿಲೋ ಎತ್ತಿ ಇಪ್ಪತ್ತೆಂಟಕ್ಕೆ ತಯಾರಾಗುವುದು ಹೇಗೆ? ನಿಧಾನವಾಗಿ ಇಳಿಸಿದರೆ ತೂಕ ಹೆಚ್ಚಾಗುತ್ತದೆ. ಇಳಿಸುವಾಗ ಐದರವರೆಗೆ ಎಣಿಸಬೇಕು. ಇದನ್ನು ಯಾರೂ ಹೇಳಿಕೊಡಲಿಲ್ಲ. ನಾನೇ ಕಂಡುಕೊಂಡೆ. ಗೋಡೆಯ ಮೇಲೆ ಬರೆದೆ — ಬಡವರ ತೋಳೇ ಬಡವರ ಅರ್ಜಿ.

ಅಮ್ಮ ಅದನ್ನು ಓದಿ, "ಸುಣ್ಣ ಹೊಡೆಸಿ ತಿಂಗಳಾಗಿಲ್ಲ," ಎಂದಳು.

ಮಾರ್ಚ್ 12, ಬುಧವಾರ

ನಾನೊಬ್ಬಳು ಎತ್ತಿದರೆ ಏನು ಬಂತು? ಎಲ್ಲರೂ ಎತ್ತಬೇಕು. ಶಿಫ್ಟ್ ಮುಗಿದ ಮೇಲೆ ಉಳಿದ ಎಂಟೂ ಜನ ನನ್ನ ಕೋಣೆಗೆ ಬಂದರು. ಮಂಚವನ್ನು ನಿಲ್ಲಿಸಿ ಗೋಡೆಗೆ ಒರಗಿಸಿದೆವು. ಆದರೂ ಒಬ್ಬರು ಕೈ ಚಾಚಿದರೆ ಇನ್ನೊಬ್ಬರ ಮೂಗು.

ಡಂಬೆಲ್ ಚಿಕ್ಕಮ್ಮನ ಕೈಗೆ ಕೊಟ್ಟೆ. ಒಂದನ್ನು ತಾನು ಹಿಡಿದಳು, ಇನ್ನೊಂದನ್ನು ಪಕ್ಕದವಳಿಗೆ ದಾಟಿಸಿದಳು. "ತಗೊಳ್ಳೇ, ಒಂದು ನೀನು."

"ಚಿಕ್ಕಮ್ಮ, ಎರಡೂ ಒಬ್ಬರೇ."

"ಇಬ್ಬರು ಇರೋವಾಗ ಒಬ್ಬರೇ ಯಾಕೆ ಎತ್ತಬೇಕು?"

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಪರೀಕ್ಷೆಯಲ್ಲಿ ನಗು ಬರುವುದಿಲ್ಲ ಎಂದೆ. ಚಿಕ್ಕಮ್ಮ ಇನ್ನೊಂದನ್ನು ವಾಪಸ್ ತೆಗೆದುಕೊಂಡು, ಶಾಲೆಯ ಹುಡುಗಿಯ ಹಾಗೆ ನಿಂತು, ಹತ್ತು ಬಸ್ಕಿ ಹೊಡೆದಳು. ನಲವತ್ತೇಳು ವರ್ಷ ಅವಳಿಗೆ. ಹೆಮ್ಮೆಯಾಯಿತು.

ಮಾರ್ಚ್ 19, ಬುಧವಾರ

ಎತ್ತಿದೆ! ಊಟದ ಬಿಡುವಿನಲ್ಲಿ, ಒಬ್ಬಳೇ, ಇಡೀ ಪೆಟ್ಟಿಗೆ. ಮಂಡಿ ಬಗ್ಗಿಸಿ, ಹೊಟ್ಟೆಗೆ ಒತ್ತಿಕೊಂಡು, ಎದೆಯವರೆಗೆ. ಮೂರು ಸಲ.

ಚಿಕ್ಕಮ್ಮ ಬಂದು ನನ್ನ ತೋಳಿಗೆ ಗೆಣ್ಣಿನಿಂದ ಬಡಿದಳು. ಕಿವಿಯಿಟ್ಟು ಕೇಳಿದಳು. "ಟಣ್ ಅಂತಿದೆ. ಮಾಲು ಗಟ್ಟಿ." ಆಮೇಲೆ ತಲೆಗೂ ಬಡಿದಳು. "ಇಲ್ಲಿ ಮಾತ್ರ ಸ್ವಲ್ಪ ಡಪ್."

ಮಾರ್ಚ್ 26, ಬುಧವಾರ

ಎರಡು-ಮೂರು ದಿನಕ್ಕೊಮ್ಮೆ ನನ್ನ ಕೋಣೆಯಲ್ಲಿ ಸೇರುತ್ತಿದ್ದೇವೆ; ಇವತ್ತು ಆರನೇ ತರಗತಿ. ಬಾಗಿ ಎಳೆಯುವಾಗ ಚಿಕ್ಕಮ್ಮ ನಡುವೆ ನಿಲ್ಲಿಸಿ ಸೊಂಟಕ್ಕೆ ಕೈಯಿಟ್ಟಳು.

"ನೋವಾ?"

"ಇಲ್ಲ ಕಣೇ. ಸೊಂಟ ಇದೆಯೋ ಇಲ್ವೋ ಅಂತ ನೋಡ್ಕೊಂಡೆ."

ನಕ್ಕೆವು. ಇನ್ನೂ ಹತ್ತು ಮಾಡಿಸಿದೆ.

ಏಪ್ರಿಲ್ 2, ಬುಧವಾರ

ಇಬ್ಬರು ಬರಲಿಲ್ಲ. ಮೈಕೈ ನೋವಂತೆ, ಆಗುವುದಿಲ್ಲವಂತೆ. ಎಲ್ಲರ ಎದುರೇ ಹೇಳಿದೆ — ಅವರು ಹೇಡಿಗಳು. ಸೋಲುವ ಮುಂಚೆ ಸೋತವರು. ಒಬ್ಬಳು ಡಂಬೆಲ್ ಕೆಳಗಿಟ್ಟಳು. ಆಗಲಿ. ಕಠೋರವಾಗದೆ ಯಾವುದೂ ಬದಲಾಗುವುದಿಲ್ಲ.

ಚಿಕ್ಕಮ್ಮ ಅದನ್ನು ಎತ್ತಿಕೊಂಡು ಹದಿನೈದು ಮಾಡಿದಳು.

ಏಪ್ರಿಲ್ 7, ಸೋಮವಾರ

ಆದದ್ದನ್ನು ಆದ ಹಾಗೆ ಬರೆಯಬೇಕು.

ಮೊದಲು ನನ್ನನ್ನೇ ಕರೆದರು. ಹನ್ನೆರಡು ಪೆಟ್ಟಿಗೆ. ಮೂರು ನಿಮಿಷ ಐವತ್ತು ಸೆಕೆಂಡ್. ಕೊನೆಯದನ್ನು ಇಟ್ಟಾಗ ಕಣ್ಣು ಕತ್ತಲೆ. ಸೀಟಿಯೇ ಚಪ್ಪಾಳೆ ತಟ್ಟಿದ. ಆಗಲೇ ನನಗೆ ತಿಳಿಯಬೇಕಿತ್ತು.

ಆಮೇಲೆ ಒಬ್ಬೊಬ್ಬರೇ. ಐದು, ಏಳು, ಎರಡು. ಯಾರೂ ಹನ್ನೆರಡು ಮುಟ್ಟಲಿಲ್ಲ.

ಕೊನೆಗೆ ಚಿಕ್ಕಮ್ಮ. ಮೂರು ಪೆಟ್ಟಿಗೆ ಎತ್ತಿದಳು. ನಾಲ್ಕನೆಯದಕ್ಕೆ ಬಾಗಿ, ಒಂದು ತುದಿ ಹಿಡಿದು, "ಹೂಂ" ಎಂದಳು. ಎಂದು — ಕಾದಳು. ಆ ಕಡೆಯ ತುದಿ ಏಳುತ್ತದೆಂದು ಕಾದಳು. ಹನ್ನೊಂದು ವರ್ಷದ ರೂಢಿ. ನಾನು ಬಿಳಿ ಗೆರೆಯ ಈಚೆ ನಿಂತಿದ್ದೆ. ಗೆರೆ ದಾಟಿದರೆ ಅವಳ ಪರೀಕ್ಷೆ ರದ್ದು. ನಾನು ದಾಟಲಿಲ್ಲ.

ಯಾರೋ ಕಿಸಕ್ಕೆಂದರು. ಅವಳು ಬೆಚ್ಚಿ, ಒಬ್ಬಳೇ ಜಗ್ಗಿದಳು. ಆ ಸದ್ದು ಪೆಟ್ಟಿಗೆಯದೋ ಅವಳ ಬೆನ್ನಿನದೋ ಗೊತ್ತಿಲ್ಲ. ಎರಡೂ ಒಟ್ಟಿಗೆ ನೆಲಕ್ಕೆ ಬಂದವು. ಬಿದ್ದಲ್ಲಿಂದಲೇ ಕೈ ಚಾಚಿ ಪೆಟ್ಟಿಗೆಗೆ ಬಡಿದಳು. ಡಪ್.

"ಒಡೀತು," ಎಂದಳು. ನನ್ನ ಕಡೆ ನೋಡಿ. ಕ್ಷಮೆ ಕೇಳುವವಳ ಹಾಗೆ.

ಗಂಡಸರಿಗೆ ಪರೀಕ್ಷೆಯೇ ಇಡಲಿಲ್ಲ. "ಅವರು ದಿನಾ ಎತ್ತುತ್ತಾರಲ್ಲ," ಎಂದ ಸೀಟಿ.

ಏಪ್ರಿಲ್ 8

ಹೊಸ ಹಾಳೆ. "ಮಹಿಳೆಯರ ಬೇಡಿಕೆಯಂತೆಯೇ ಪರೀಕ್ಷೆ ನಡೆಸಲಾಗಿದ್ದು, ಒಬ್ಬರು ಉತ್ತೀರ್ಣರಾಗಿದ್ದಾರೆ." ಎಂಟು ಜನ ಮನೆಗೆ. ಕೆಲಸವಿದ್ದಾಗ ಹೇಳಿ ಕಳಿಸುತ್ತಾರಂತೆ.

ಒಬ್ಬರು. ಅದು ನಾನು.

ಏಪ್ರಿಲ್ 13, ಭಾನುವಾರ

ಐದು ದಿನ ಬರೆಯಲಿಲ್ಲ. ಐದು ದಿನ ಚಿಕ್ಕಮ್ಮನ ಮನೆಗೆ ಹೋಗಲೂ ಇಲ್ಲ. ಇವತ್ತು ಹೋದೆ. ಬಾಗಿಲು ತೆಗೆದದ್ದು ಚಿಕ್ಕಪ್ಪ. ಒಳಗೆ ಕೇಳುವ ಹಾಗೆ ಕೂಗಿದ — "ನೋಡೇ, ಬಂದಿದ್ದಾಳೆ. ಗೆದ್ದೋಳು."

ಚಿಕ್ಕಮ್ಮ ನೆಲದ ಮೇಲೆ ಅಂಗಾತ. ಮಂಡಿಯ ಕೆಳಗೆ ದಿಂಬು. ಮಗ್ಗುಲಾಗಲು ಚಿಕ್ಕಪ್ಪನ ಕೈ ಬೇಕು. ಒಂದು ಲೋಟ ನೀರನ್ನೂ ಎತ್ತಕೂಡದು ಎಂದಿದ್ದಾರಂತೆ ಡಾಕ್ಟರ್.

"ಬಾರೇ ಭಾಷಣ. ಕೂತ್ಕೋ."

"ಯಾವಾಗಿಂದ ನೋವಿತ್ತು?"

"ಬಿಡು."

"ಚಿಕ್ಕಮ್ಮ."

"ಎರಡನೇ ಕ್ಲಾಸಿನಿಂದ."

"ಯಾಕೆ ಹೇಳಲಿಲ್ಲ?"

ಛಾವಣಿ ನೋಡುತ್ತ ಹೇಳಿದಳು. "ನೀನು ಎಷ್ಟೊಂದು ಹುರುಪಲ್ಲಿದ್ದೆ. ಆಮೇಲೆ ಅವರಿಬ್ಬರಿಗೆ ಹೇಡಿ ಅಂದ್ಯಲ್ಲ… ನನಗೂ ಅಂದುಬಿಟ್ರೆ ಅಂತ ಹೆದರಿಕೆ ಆಯ್ತು ಕಣೇ."

ಸೀಟಿಗೆ ಹೆದರದವಳು. ಮ್ಯಾನೇಜರಿಗೆ ಹೆದರದವಳು. ನನಗೆ ಹೆದರಿದಳು.

ಏಪ್ರಿಲ್ 16, ಬುಧವಾರ

ಮ್ಯಾನೇಜರ್ ಒಳಗೆ ಕರೆದ. ಕುರ್ಚಿ ಕೊಟ್ಟ. ಊರಾಚೆಯ ಎರಡನೇ ಗೋದಾಮಿನಲ್ಲಿ ಹದಿನಾಲ್ಕು ಜನ ಹೆಂಗಸರಿದ್ದಾರೆ. ಅಲ್ಲಿಯೂ ಪರೀಕ್ಷೆ. "ಮೊದಲು ನೀನು ಎತ್ತಿ ತೋರಿಸು. ನಿನ್ನನ್ನು ನೋಡಿದ್ರೆ ಅವರಿಗೂ ಧೈರ್ಯ ಬರುತ್ತೆ. ನೀನು ಅಂದ್ರೆ ಒಂದು ಮಾದರಿ."

ಆಗುವುದಿಲ್ಲ ಎನ್ನಲು ಬಾಯಿ ತೆರೆದೆ.

"ಬರದಿದ್ರೂ ಪರವಾಗಿಲ್ಲಮ್ಮ. ನೀನು ಎತ್ತಿದ್ದರ ವಿಡಿಯೋ ಇದೆ."

ನಾನು ಹೋದರೂ ನಾನೇ ಪುರಾವೆ. ಹೋಗದಿದ್ದರೂ ನಾನೇ.

ಏಪ್ರಿಲ್ 18, ಶುಕ್ರವಾರ. ಬೆಳಿಗ್ಗೆ 5:30

ಅಭ್ಯಾಸಬಲ. ಐದಕ್ಕೇ ಎಚ್ಚರ. ಡಂಬೆಲ್ ಮುಂದೆ ಕೂತೆ. ಮುಟ್ಟಲಾಗಲಿಲ್ಲ.

ತೋಳು ಗಟ್ಟಿಯಾಗಿದೆ, ಅದು ಸುಳ್ಳಲ್ಲ. ಯಾರಿಗಾಗಿ ಗಟ್ಟಿಯಾಯಿತು? ಇಳಿಸುವಾಗ ಐದರವರೆಗೆ ಎಣಿಸುತ್ತಿದ್ದೆ. ನಾನು ಒಂದೊಂದು ಅಂಕಿ ಎಣಿಸುವಾಗಲೂ ಒಬ್ಬೊಬ್ಬರನ್ನು ಹೊರಗೆ ಹಾಕುತ್ತಿದ್ದೆ. ಕೊರಳಿಗೆ ಹಗ್ಗ ಹೊಸೆದವಳು ನಾನೇ, ಚೆನ್ನಾಗಿ ಹೊಸೆದೆ ಎಂದು ಬೀಗಿದವಳೂ ನಾನೇ.

ಗೋದಾಮಿನಲ್ಲಿ ಈಗ ಒಬ್ಬಳೇ ಎತ್ತುತ್ತೇನೆ. ನಿನ್ನೆ ಒಂದು ಪೆಟ್ಟಿಗೆ ಓರೆಯಾಗಿ ಕೂತಿತು. ಬಡಿದು ನೋಡಿದೆ. ಡಪ್. ಯಾರಿಗೂ ಹೇಳದೆ ಲಾರಿಗೆ ಹಾಕಿದೆ.

ಗೋಡೆಯ ಮೇಲಿನ ಬರಹವನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಪೂರ್ತಿ ಹೋಗಲಿಲ್ಲ. "ಅರ್ಜಿ" ಉಳಿದಿದೆ.

ಏಪ್ರಿಲ್ 20, ಭಾನುವಾರ. ಸಂಜೆ 6:00

ಒಂದು ಡಂಬೆಲ್ ಚೀಲಕ್ಕೆ ಹಾಕಿಕೊಂಡು ಚಿಕ್ಕಮ್ಮನ ಮನೆಗೆ ಹೋದೆ. ಒಂದೇ. ಯಾಕೆ ಒಯ್ದೆನೋ ದಾರಿಯಲ್ಲೂ ಗೊತ್ತಿರಲಿಲ್ಲ.

ಅವಳು ಇವತ್ತು ಗೋಡೆಗೆ ಒರಗಿ ಕೂತಿದ್ದಳು. ಸೊಂಟಕ್ಕೆ ಅಗಲವಾದ ಬೆಲ್ಟ್. ಹೇಳಿದೆ — ನಾಳೆ ಎರಡನೇ ಗೋದಾಮಿನ ಪರೀಕ್ಷೆಗೆ ಹೋಗುತ್ತೇನೆ. ಹದಿನಾಲ್ಕು ಜನರ ಎದುರು ಪೆಟ್ಟಿಗೆಯ ಒಂದು ತುದಿ ಹಿಡಿದು ನಿಲ್ಲುತ್ತೇನೆ. ಎತ್ತುವುದಿಲ್ಲ. ಇನ್ನೊಂದು ತುದಿಗೆ ಯಾರಾದರೂ ಬರುವವರೆಗೆ ಎತ್ತುವುದಿಲ್ಲ.

"ಯಾರೂ ಬರಲಿಲ್ಲ ಅಂದ್ರೆ?"

"ನಿಂತೇ ಇರ್ತೀನಿ."

"ಸೀಟಿ ಊದ್ತಾನೆ."

"ಊದಲಿ."

"ನಿನ್ನನ್ನೂ ತೆಗೀತಾರೆ. ಆಮೇಲೆ?"

ಆಮೇಲಿನದು ನನಗೆ ಗೊತ್ತಿಲ್ಲ. ಇದರಿಂದ ಎಂಟು ಜನರ ಕೆಲಸ ವಾಪಸ್ ಬರುವುದಿಲ್ಲ. ಅವಳ ಬೆನ್ನೂ ಬರುವುದಿಲ್ಲ. ಹಾಗೆಂದೇ ಹೇಳಿದೆ. ಮೊದಲ ಸಲ ಅವಳ ಮುಂದೆ ಭಾಷಣವಿಲ್ಲದೆ ಮಾತಾಡಿದೆ ಅನ್ನಿಸಿತು.

"ಚಿಕ್ಕಮ್ಮ, ನೀನು ಏನೂ ಎತ್ತೋದು ಬೇಡ. ಅಲ್ಲಿ ನಿಂತು 'ಹೂಂ' ಅನ್ನು. ಅಷ್ಟು ಸಾಕು."

ಚಿಕ್ಕಪ್ಪ ಅಡುಗೆಮನೆಯಿಂದ ಬಂದ. ಕೈಯಲ್ಲಿ ಒದ್ದೆ ತಟ್ಟೆ. "ಸೊಂಟ ಮುರಿದದ್ದು ಸಾಲದಾ? ಇನ್ನೇನು ಉಳಿದಿದೆ ಮುರಿಯೋಕೆ? ನಡಿ, ನಡಿ."

ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡಳು. ಇಲ್ಲ ಎನ್ನಲಿಲ್ಲ. ಹೂಂ ಎನ್ನಲಿಲ್ಲ.

ಎದ್ದೆ. ಡಂಬೆಲ್ ಅನ್ನು ಅವರ ಬಾಗಿಲಿಗೆ ಅಡ್ಡ ಇಟ್ಟೆ.

"ಅದೇನೇ ಅದು?" ಚಿಕ್ಕಮ್ಮ ಕಣ್ಣು ತೆರೆದು ಕೇಳಿದಳು.

"ಒಂದು ನಿಂದು."

ಮೆಟ್ಟಿಲು ಇಳಿಯುವಾಗ ಒಳಗಿನಿಂದ ಕೇಳಿತು — "ಎಷ್ಟು ಗಂಟೆಗಂದೆ?"

ಹೇಳಿರಲಿಲ್ಲ. ಕೆಳಗಿನಿಂದಲೇ ಕೂಗಿ ಹೇಳಿದೆ. ಬರಬೇಕೆಂದು ಕೇಳಿದಳೋ, ಬರಲಾರದವಳು ಹೊತ್ತಾದರೂ ತಿಳಿದಿರಲೆಂದು ಕೇಳಿದಳೋ ಗೊತ್ತಾಗಲಿಲ್ಲ. ಬಾಗಿಲು ಹಾಕಿದ ಸದ್ದು ಮಾತ್ರ ಬರಲಿಲ್ಲ.

ಮನೆಯಲ್ಲಿ ಕಿಟಕಿ ಬಡಿದುಕೊಳ್ಳುತ್ತಿದೆ. ಉಳಿದ ಒಂದನ್ನು ಅಣ್ಣ ಬಾಗಿಲಿಗೆ ಇಟ್ಟಿದ್ದಾನೆ.

ನಾಳೆ. ಸೋಮವಾರ, ಬೆಳಿಗ್ಗೆ ಎಂಟೂವರೆ. ಎರಡನೇ ಗೋದಾಮು, ಹಿಂದಿನ ಗೇಟು