ಪಕ್ಕದಲ್ಲಿ ಕೂತವರ ಪರದೆ

ಫೆಬ್ರುವರಿ ೭, ೧೯೯೪. ಟೊಟ್ಟೊರಿ, ಜಪಾನ್

ಇವತ್ತೂ ಅದೇ ಕೆಲಸ. ಪರದೆ ಕೂರಿಸು, ಚೂರು ತಿರುಗಿಸು, ಅಳೆ. ಮತ್ತೆ ತಿರುಗಿಸು. ಕಂಪನಿ ಲ್ಯಾಪ್‌ಟಾಪ್‌ಗೆ ಮಾರುವ ಎಲ್‌ಸಿಡಿ ಎದುರಿನಿಂದ ಲಕಲಕ. ಪಕ್ಕಕ್ಕೆ ಸರಿದರೆ ಬಣ್ಣ ಮಾಸುತ್ತದೆ. ಕೆಳಗಿನಿಂದ ನೋಡಿದರೆ ಚಿತ್ರದಲ್ಲಿನ ಮುಖ ಕಪ್ಪು, ಕೂದಲು ಬಿಳಿ — ಫೋಟೋ ನೆಗೆಟಿವ್ ಥರ.

ನಮ್ಮ ಗುಂಪಿನ ಹಿರಿಯರು ನೀಮುರಾ-ಸಾನ್ ಮಾಡಿದ ಪರದೆ ಹಾಗಲ್ಲ. ಮಾಮೂಲಿ ಪರದೆಯಲ್ಲಿ ದ್ರವಹರಳಿನ, ಅಂದರೆ ಲಿಕ್ವಿಡ್ ಕ್ರಿಸ್ಟಲ್‌ನ, ಕಣಗಳು ವಿದ್ಯುತ್ ತಾಗಿದೊಡನೆ ಎದ್ದು ನಿಲ್ಲುತ್ತವೆ. ಇವರದರಲ್ಲಿ ಮಲಗಿದಲ್ಲೇ ತಿರುಗುತ್ತವೆ. ಅಷ್ಟೇ ವ್ಯತ್ಯಾಸ. ಯಾವ ಕಡೆಯಿಂದ ನೋಡಿದರೂ ಕೆಂಪು ಕೆಂಪೇ! ಅಳೆಯುವುದನ್ನೇ ಮರೆತು ನಿಂತೆ.

ಒಂದೇ ಕೊರತೆ. ಮಂಕು.

ಫೆಬ್ರುವರಿ ೯

ಕ್ಯಾಂಟೀನಿನಲ್ಲಿ ಕುರೋಇವಾ-ಸಾನ್ ನಮ್ಮ ಮೇಜಿಗೇ ಬಂದು ಕೂತರು. ವಿಭಾಗದ ಮುಖ್ಯಸ್ಥರು. ಪರದೆಯ ಹಿಂದಿನ ದೀಪ ರೂಪಿಸುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಮಂಕು ಪರದೆ ಕಂಡರೆ ಮೈಯೆಲ್ಲ ಉರಿ.

"ಏನ್ರೀ ನೀಮುರಾ, ಲ್ಯಾಪ್‌ಟಾಪ್ ಮುಂದೆ ಕೂರೋನು ಒಬ್ಬ. ಪಕ್ಕದೋನು ಇಣುಕ್ಲಿ ಅಂತ ನಾವು ಇಷ್ಟು ಒದ್ದಾಡ್ಬೇಕಾ?"

ನೀಮುರಾ-ಸಾನ್ ಬಾಯಲ್ಲಿದ್ದ ಸೋಬಾ ನೂಡಲ್ಸ್ ನುಂಗಿ, "ನಿಮ್ಮನೇಲಿ ಟಿವಿ ಒಬ್ರೇ ನೋಡ್ತೀರಾ?" ಎಂದರು.

"ನಮ್ಮನೇಲಿ ರಿಮೋಟು ಅತ್ತೆ ಕೈಲಿದೆ. ನಾನು ನೋಡೋದೇ ಇಲ್ಲ."

ಎಲ್ಲರೂ ನಕ್ಕೆವು. ಆಮೇಲೆ ಕುರೋಇವಾ-ಸಾನ್ ದನಿ ತಗ್ಗಿತು. "ಮುಂದಿನ ವಾರ ಕಂಪನಿ ನಿರ್ದೇಶಕರು ಬರ್ತಾರೆ. ಅವ್ರು ಒಪ್ಪದಿದ್ರೆ ನಿಮ್ ಗುಂಪು ಮುಚ್ಬೇಕಾಗುತ್ತೆ." ನನ್ನ ಕಡೆ ತಿರುಗಿದರು. "ಸೆಗಾವಾ, ನೀನು ನನ್ ಗುಂಪಿಗೆ ಬಂದ್ಬಿಡಮ್ಮ."

ನಾನು ತಟ್ಟೆ ಎತ್ತಿಕೊಂಡು ಎದ್ದೆ.

ಫೆಬ್ರುವರಿ ೧೮

ಇವತ್ತು ನಿರ್ದೇಶಕರು ಬಂದರು.

ಎರಡು ಪರದೆ, ಒಂದು ಮಾಮೂಲಿ, ಒಂದು ನಮ್ಮದು; ಎರಡರಲ್ಲೂ ಕಿಮೋನೋ ತೊಟ್ಟ ಒಂದೇ ಮಗುವಿನ ಚಿತ್ರ. ನಿರ್ದೇಶಕರು ಎದುರಿಗೆ. ಮಾಮೂಲಿ ಪರದೆಯೇ ಗೆದ್ದಂತಿತ್ತು. ನೀಮುರಾ-ಸಾನ್ ಎದ್ದರು. "ಎದುರಿಂದ ಅದೇ ಚೆನ್ನಾಗಿದೆ. ನಮ್ದು ಮಂಕು, ನಿಜ."

ಮುಗಿಯಿತು ಅಂದುಕೊಂಡೆ...

ಅವರು ಎರಡೂ ಪರದೆಗಳನ್ನು ಮೇಜಿನ ಮೇಲೆ ಅಂಗಾತ ಮಲಗಿಸಿದರು. "ದಯವಿಟ್ಟು ಎಲ್ಲ ಸುತ್ತ ನಿಂತ್ಕೊಳ್ಳಿ."

"ಅಯ್ಯೋ, ಈ ಮಗು ದೆವ್ವದ ಥರ ಕಾಣುತ್ತಲ್ರೀ!" ಎಂದರು ಹಿರಿಯ ನಿರ್ದೇಶಕರೊಬ್ಬರು, ಮಾಮೂಲಿ ಪರದೆ ನೋಡಿ.

"ನಂಗೆ ಬರೀ ಬೆಳ್ಳಗೆ ಕಾಣ್ತಿದೆ," ಆಚೆ ಬದಿಯವರು.

ನಮ್ಮ ಪರದೆಯಲ್ಲಿ ನಾಲ್ಕೂ ಕಡೆಯವರಿಗೆ ಅದೇ ಕೆನ್ನೆ, ಅದೇ ನಗು.

ಕುರೋಇವಾ-ಸಾನ್ ಮಂಡಿಯೂರಿ, ಗಲ್ಲವನ್ನು ಮೇಜಿಗೆ ಆನಿಸಿ ನೋಡಿದರು. ಬಹಳ ಹೊತ್ತು. ಎದ್ದು ಪ್ಯಾಂಟು ಕೊಡವಿಕೊಂಡು ನಿರ್ದೇಶಕರಿಗೆ ಹೇಳಿದರು: "ಬೆಳಕು ತಾನೇ ಕಮ್ಮಿ? ಅದು ನನ್ ಕೆಲ್ಸ. ಬೇಸಿಗೆ ಮುಗಿಯೋವರ್ಗೆ ಟೈಮ್ ಕೊಡಿ."

ಕೊಟ್ಟರು!

ನೀಮುರಾ-ಸಾನ್ ಮುಂದೆ ಬಂದು ಕುರೋಇವಾ-ಸಾನ್‌ಗೆ ತಲೆಬಾಗಿ ವಂದಿಸಿದರು. ತಲೆ ಎತ್ತಲು ತಡವಾಯಿತು. ಎಂಥವರ ಜೊತೆ ಕೆಲಸ ಮಾಡುತ್ತಿದ್ದೇನೆ ನಾನು... ಇಬ್ಬರೂ.

ಏಪ್ರಿಲ್ ೧೨

ನಾನು ಗುಂಪು ಬದಲಿಸಲಿಲ್ಲ. ಈಗ ನೀಮುರಾ-ಸಾನ್, ಕುರೋಇವಾ-ಸಾನ್ ಇಬ್ಬರ ಜಗಳವೂ ಒಂದೇ ಕೋಣೆಯಲ್ಲಿ.

"ನಿಮ್ ಪರದೆ ನನ್ ಬೆಳಕನ್ನೆಲ್ಲ ತಿಂದ್ಹಾಕುತ್ತೆ ಕಣ್ರೀ!"

"ನಿಮ್ ದೀಪ ಒಲೆ ಥರ ಕಾಯುತ್ತೆ, ಸಾನ್ಮಾ ಮೀನು ಸುಡ್ಬಹುದು!"

ಮೂರು ದೀಪ ಸುಟ್ಟುಹೋದವು. ನಾಲ್ಕನೆಯದನ್ನು ಊಟಕ್ಕೂ ಏಳದೆ ಜೋಡಿಸುತ್ತಿದ್ದಾರೆ. ನಾನು ಹೊರಗೆ ಕೂತು ಇದನ್ನು ಗೀಚುತ್ತಿದ್ದೇನೆ. ಒಳಗೆ ಜಗಳದ ಸದ್ದು ನಿಂತಿದೆ. ಯಾಕೋ —

ಇಬ್ಬರೂ ಒಟ್ಟಿಗೇ ಕೂಗುತ್ತಿದ್ದಾರೆ. "ಸೆಗಾವಾ! ಬಾ ಬೇಗ!" ಬಾಗಿಲ ಸಂದಿಯಿಂದ ನಮ್ಮ ಪರದೆ ಕಾಣುತ್ತಿದೆ. ಬೆಳಕು, ಇಷ್ಟೊಂದು ಬೆಳಕು, ಅದೂ ಪಕ್ಕದಿಂದ ನೋಡಿದರೂ!